ಹೊಗೆ ಇಲ್ಲದ ಇಸ್ತ್ರಿ

ಬೆಳಗಿನ ಐದೂ ಐವತ್ತು. ಆನಂದರಾವ್ ಸರ್ಕಲ್ಲಿನ ಕಚೇರಿಯಲ್ಲಿ
ಗೋಡೆಯಗಲದ ಪರದೆಯ ಮುಂದೆ
ರಾಜ್ಯದ ನಾಡಿ ಹಿಡಿದು ಕೂತಿದ್ದೇನೆ:
ನಲವತ್ತೊಂಬತ್ತು ಬಿಂದು ಒಂಬತ್ತು ಆರು.
ಐವತ್ತಿದ್ದರೆ ಆರೋಗ್ಯ. ಇಳಿದರೆ ಫೋನು.

ಇನ್ನು ಹತ್ತು ನಿಮಿಷಕ್ಕೆ ಗೀಸರುಗಳು ಏಳುತ್ತವೆ.
ಜಯನಗರ ಮೊದಲು, ಆಮೇಲೆ ಬನಶಂಕರಿ,
ವೈಟ್‌ಫೀಲ್ಡು ಸೋಮಾರಿ, ಎಂಟರ ತನಕ ಹೊರಳಾಡುತ್ತದೆ.
ಯಾವ ಬಡಾವಣೆ ಎಷ್ಟು ಹೊತ್ತಿಗೆ ಮೀಯುತ್ತದೆಂದು
ಅವರವರ ಹೆತ್ತವರಿಗಿಂತ ನನಗೆ ಚೆನ್ನಾಗಿ ಗೊತ್ತು.
ಪಾವಗಡದ ಸೂರ್ಯ ಇನ್ನೂ ಡ್ಯೂಟಿಗೆ ಬಂದಿಲ್ಲ,
ಗಾಳಿ ಈ ತಿಂಗಳು ರಜೆ ಹಾಕಿದೆ,
ಶರಾವತಿಯ ನೀರನ್ನು ಬೇಸಗೆಗೆಂದು
ಮದುವೆ ಸೀರೆಯ ಹಾಗೆ ಮಡಿಸಿಟ್ಟಿದ್ದೇವೆ.
ಉಳಿದದ್ದು ಅದೊಂದೇ.

ರಾಯಚೂರಿನಿಂದ ಮಾರೆಪ್ಪನವರ ದನಿ:
"ಮೂರನೇ ಯೂನಿಟ್ಟಿನ ಟ್ಯೂಬು ಸೋರಾಕತ್ತೈತ್ರಿ ಮೇಡಂ.
ಅಂಗಳದಾಗ ಎರಡು ದಿನದ್ದು ಅಷ್ಟ ಐತಿ.
ಒಂದು ರೇಕು ದಾರ್ಯಾಗ ಎಲ್ಲೋ ನಿಂತೈತಂತ."
"ಉಳಿದವನ್ನು ಇನ್ನೂರು ಏರಿಸಿ," ಅನ್ನುತ್ತೇನೆ.
"ಏರಸ್ತೀನ್ರಿ," ಅನ್ನುತ್ತಾರೆ. ಕೆಮ್ಮುತ್ತಾರೆ.
ಹದಿಮೂರು ವರ್ಷದ ಪರಿಚಯ ಆ ಕೆಮ್ಮಿನದು,
ಮುಖ ನೋಡಿಲ್ಲ. ಒಮ್ಮೆ ನಕ್ಕು ಹೇಳಿದ್ದರು:
"ಒಣಗಿದ ಬಟ್ಟಿ ಝಾಡಿಸಿದರ ಬೂದಿ ಉದುರತೈತ್ರಿ.
ನಮಗ ವಿಭೂತಿ ಪುಕ್ಕಟ ನೋಡ್ರಿ."

ಬಾಯಿ, ಮಾತು, ಬಕೆಟ್ಟು ಯಾವುದೂ ಇಲ್ಲದ ಕಾಲದಲ್ಲಿ
ಬಿಸಿಲು ಕುಡಿದು, ನೆಲ ಹೊದ್ದು ಮಲಗಿದ ಕಾಡು.
ಅದನ್ನು ಸಿಡಿಮದ್ದಿಟ್ಟು ಎಬ್ಬಿಸಿ,
ಐವತ್ತೆಂಟು ವ್ಯಾಗನ್ನಿಗೆ ತುಂಬಿ,
ಪುಡಿ ಮಾಡಿ, ಉರಿಸಿ, ತಂತಿಗೆ ಹತ್ತಿಸಿ
ಬಸವನಗುಡಿಯ ಯಾರದೋ ಬೆನ್ನಿಗೆ
ಹದವಾದ ನೀರು.

ಎಂಟಕ್ಕೆ ಪಾಳಿ ಮುಗಿಯಿತು. ಮನೆ, ಚಂದ್ರಾ ಲೇಔಟು.
ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಪಾರ್ಕಿಂಗ್ ಕಂಬದ ಪಕ್ಕ
ದೊರೈಕಣ್ಣುವಿನ ಇಸ್ತ್ರಿ ಮೇಜು.
ಮೊದಲು ಗೇಟಿನಾಚೆ, ಹೊಂಗೆ ಮರದಡಿ, ತಳ್ಳುಗಾಡಿಯಲ್ಲಿದ್ದ.
"ಇದ್ದಿಲ ಹೊಗೆಯಿಂದ ನಿವಾಸಿಗಳಿಗೆ ತೊಂದರೆ"
ಎಂದು ಸಂಘದವರು ಬರೆದ ಪತ್ರದಲ್ಲಿ
ನನ್ನದೂ ಒಂದು ರುಜು, ಮುನ್ನೂರ ನಾಲ್ಕನೇ ಮನೆ.
ಮಸಿ ಇದ್ದಿಲಿಗೆ ಬುದ್ಧಿ ಹೇಳಿತಂತೆ.
ದೊಡ್ಡ ಮನಸ್ಸು ಮಾಡಿ ಪ್ಲಗ್ಗು ಕೊಟ್ಟೆವು, ಜಾಗ ಕೊಟ್ಟೆವು.
ಹಳೆಯ ಹಿತ್ತಾಳೆ ಪೆಟ್ಟಿಗೆ, ಹುಂಜದ ಚಿಲಕದ್ದು,
ಮೇಜಿನಡಿ ಸೇರಿತು.

"ಕೆಂಡ ಇದ್ದಾಗ ಕೈಗೆ ಗೊತ್ತಾಗ್ತಿತ್ತು ಮೇಡಂ.
ರೇಷ್ಮೆಗೆ ಬೂದಿ ಮುಚ್ಚಿದ ಕೆಂಡ,
ಕಾಟನ್ನಿಗೆ ಊದಿದ ಕೆಂಡ.
ಈಗ ಇದೊಂದು ಕೆಂಪು ದೀಪ. ಹತ್ಕೊಳ್ಳತ್ತೆ, ಆರೋಗತ್ತೆ.
ಬೆಂಕಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ."

ನನಗೆ ಗೊತ್ತಿತ್ತು.
ಬಡಗಣಕ್ಕೆ ನಾನೂರು ಕಿಲೋಮೀಟರು, ಕೃಷ್ಣೆಯ ದಂಡೆ.
ನಮ್ಮ ಹೊಗೆ ಹೋಗಿರಲಿಲ್ಲ,
ಮನೆ ಬದಲಿಸಿತ್ತು ಅಷ್ಟೇ.
ಹೇಳಲಿಲ್ಲ. ಲಿಫ್ಟಿನ ಗುಂಡಿ ಒತ್ತಿದೆ.

ಒಂಬತ್ತೂ ಹತ್ತಕ್ಕೆ ಕರೆಂಟು ಹೋಯಿತು.
ಮೂರನೇ ಯೂನಿಟ್ಟು ಪೂರ್ತಿ ನಿಂತಿರಬೇಕು.
ಯಾವ ಫೀಡರು ಮೊದಲು ತೆಗೆಯಬೇಕೆಂಬ ಪಟ್ಟಿ ಇರುತ್ತದೆ,
ರಾತ್ರಿ ಬರೆದವಳು ನಾನೇ, ನಮ್ಮದು ನಾಲ್ಕನೆಯದು.
(ನ್ಯಾಯವಾಗಿದ್ದೇನೆ ಎಂದು ಆಗ ಹೆಮ್ಮೆಯಾಗಿತ್ತು.)

ಕೆಳಗೆ ಅರ್ಧ ಇಸ್ತ್ರಿಯಾದ ಅಂಗಿ.
ಹುಂಜದ ಚಿಲಕ ಕಿರ್ರೆಂದಿತು.
ಪೆಟ್ಟಿಗೆ ಹೊತ್ತು ದೊರೈಕಣ್ಣು ಗೇಟಿನಾಚೆ ಹೋದ,
ವಾಚ್‌ಮನ್ನು ಬೇರೆಲ್ಲೋ ನೋಡಿದ.
ಹೊಂಗೆಯ ಕೊಂಬೆಗಳನ್ನು ಸವರಿಕೊಂಡು
ಮೂರು ಮಹಡಿ ಹತ್ತಿ ಬಂತು ಹೊಗೆ,
ದಾರಿ ಮರೆತಿರಲಿಲ್ಲ.
ಕಿಟಕಿ ಮುಚ್ಚಲು ಎದ್ದೆ. ಕೆಮ್ಮು ಬಂತು,
ಸಣ್ಣದು. ಫೋನಿನಲ್ಲಿ ಕೇಳಿದರೆ
ಯಾರದೆಂದು ಗೊತ್ತಾಗದಂಥದು.

ಹತ್ತಕ್ಕೆ ಕರೆಂಟು ಬಂತು, ಪಾವಗಡ ಎದ್ದಿರಬೇಕು.
"ಬಂತು, ಒಳಗೆ ಬಾ," ವಾಚ್‌ಮನ್ ಕೂಗಿದ.
"ಕೆಂಡ ಹತ್ತಿದೆಯಲ್ಲಣ್ಣ," ಎಂದ ದೊರೈಕಣ್ಣು,
"ಇಷ್ಟು ಮುಗಿಸಿಬಿಡ್ತೀನಿ."