ಎಡಗಡೆ ಹಿಂದಿನ ಮೂಲಿ

ರಾತ್ರಿ ನಿಲ್ಲಿಸಿದಾಗ ನೆಟ್ಟಗ ಇರತದ ಬಸ್ಸು.
ಚಕ್ರದ ಮ್ಯಾಲ ಒಂದು ಗೇಣು, ನಾಕು ಬೆರಳು.
ಮುಂಜಾನಿ ನಾಕಕ್ಕ ಬಂದು ಬ್ಯಾಟರಿ ಬಿಟ್ಟು ನೋಡಿದರ
ಎಡಗಡೆ ಹಿಂದಿನ ಮೂಲಿ ಕುಂತಿರತದ,
ಊಟಕ್ಕ ಮೊದಲ ಕರೀಲಿಲ್ಲಂತ ಸಿಟ್ಟಾದ ಬೀಗರಂಗ.
ಮಾತಿಲ್ಲ. ಏಳಂಗಿಲ್ಲ.

ಇಂಜಿನ್ ಹಚ್ಚಿ ಹದಿನೈದು ಮಿನಿಟು ಕಾಯಬೇಕು.
ಗಾಳಿ ತುಂಬಿದಂಗ ತುಂಬಿದಂಗ
ಮೈ ಮುರಕೊಂತ ಏಳತದ.
ಅಷ್ಟರಾಗ ಚಾದರ ಕಾರಖಾನಿ ಮೊದಲ ಪಾಳಿಯ ಹೆಣ್ಮಕ್ಕಳು
ಮೂರು ಭಾಷಾದಾಗ ನಗತಾರ,
‘ಎದ್ದನೇನೋ ನಿಮ್ಮ ಮಾವ?’
ನಿಂಬೆವ್ವ ನಗಂಗಿಲ್ಲ. ಸೀದಾ ಬಲಗಡೆ ಹೋಗಿ ಕೂಡತಾಳ,
ಬುತ್ತಿ ತೊಡಿಮ್ಯಾಲ, ತಾನೇ ತಕ್ಕಡಿ ಕಲ್ಲು ಅನ್ನೂವಂಗ.

ಒಂದು ಕಾಲಕ್ಕ ಪುಣೆ–ಹೈದರಾಬಾದ ಓಡಿದ್ದು ಇದು.
ಪಡದಿ ಇತ್ತು, ತಂಪು ಇತ್ತು,
ಕುಂತವರ ಹೊಟ್ಯಾಗಿನ ನೀರು ಅಲಗಾಡಂಗಿಲ್ಲ ಅಂತಿದ್ದರು.
ನಮ್ಮ ಮಾಲಕರು ಸಸ್ತಾಕ ತಂದು ಹೆಸರು ಕೆರಿಸಿ ತಗಸಿದರು.
ಸಂಜಿ ಬಿಸಲಿಗೆ ಅಡ್ಡ ನಿಂತರ
ಬಣ್ಣದ ಕೆಳಗ ಆ ಅಕ್ಷರ ಇನ್ನೂ ಕಾಣತಾವ.

‘ಬಲೂನ್ ಹೋಗ್ಯಾದ’ ಅಂದರು ಮಾಲಕರು.
ಹೊಸಾದು ತರಿಸಿದರು, ಹದಿನಾಕು ಸಾವಿರ,
ಪೂಜಿ ಮಾಡೇ ಹಾಕಿದಿವಿ.
ಮುಂಜಾನಿ ಮತ್ತ ಕುಂತಿತ್ತು, ಕುಂಕುಮ ಹಚ್ಚಿಕೊಂಡು.

ಅಕ್ಕಲಕೋಟ ರಸ್ತಾಕ, ಲಾಡ್ಲೇಸಾಬನ ಹತ್ರ ಒಯ್ದೆ.
ಅಂವ ತನ್ನ ಎರಡೂ ಕಿವಿ ಕಂಪ್ರೆಸರಿಗೆ ಕೊಟ್ಟಾನ,
ಮೂವತ್ತು ವರ್ಷ, ಕಂತಿನ್ಯಾಗ.
ಗಾಳಿ ಹೋಗೂ ಸಪ್ಪಳ ಕೇಳಲಾರದವ
ಏನು ಹಿಡೀತಾನಂತ ನನಗ ಸಂಶೇ.

ಇಂಜಿನ್ ಬಂದ್ ಮಾಡಂತ ಕೈಸನ್ನಿ ಮಾಡಿದ.
ನಾನೇ ಕೆಳಗ ಹೊಕ್ಕು ಕಿವಿಗೊಟ್ಟೆ.
ಎಲ್ಲಾ ಕಡೆ ಸುಸ್ ಅಂತಿತ್ತು.
ಹಾದು ಹೋಗೂ ಟ್ಯಾಂಕರು, ಚಾದಂಗಡಿ ಸ್ಟೋವು,
ಬೇವಿನ ಗಿಡ, ಕಡೀಕ ನನ್ನ ಮೂಗು.
‘ಇಲ್ಲಿ’ ಅಂದೆ. ‘ಅಲ್ಲ, ಇಲ್ಲಿ.’
ಅವಗ ಅದೂ ಕೇಳಲಿಲ್ಲ, ಪುಣ್ಯಾ.

ಮುರಕಾ ಮಗ್ಗಿನ್ಯಾಗ ಸಬಕಾರ ಕಲಸಿದ.
ಹೊಸ ಬಲೂನಿಗೆ ಬಳಿದ. ಏನಿಲ್ಲ.
ಲೆವಲ್ ವಾಲ್ವಿಗೆ ಬಳಿದ. ಏನಿಲ್ಲ.
ಟ್ಯಾಂಕಿನ ತಳಕ್ಕ ಒಂದು ಗುಳ್ಳಿ ಎದ್ದು ಒಡೀತು.
‘ಇದು ಎಲ್ಲಾರಿಗೂ ಇರೂದು’ ಅಂತ ಅರ್ಧ ತಿರುವು ಬಿಗಿದ.

ಆಮ್ಯಾಲ ಬ್ರಶ್ ಕೆಳಗಿಟ್ಟ.
ತೋಳು ಏರಿಸಿದ. ಮಣಿಕಟ್ಟಿನ ಒಳಮೈ
ನಾಲಿಗಿಲೆ ತೋಯಿಸಿಕೊಂಡ,
ಕೂಸಿನ ಹಾಲು ಸುಡತದನೋ ಅಂತ
ತಾಯಂದಿರು ಹನಿ ಹಾಕಿ ನೋಡೂ ಜಾಗಾ.
ಕಣ್ಣು ಮುಚ್ಚಿ, ಪೈಪಿನ ಗುಂಟ, ಮುಟ್ಟಲಾರದಂಗ,
ಅಚ್ಚಿನ ಮ್ಯಾಲ ಹೊರಳೂ ಕಡೆ ಬಂದು ನಿಂತ.
‘ತಣ್ಣಗ’ ಅಂದ.

ಅಲ್ಲಿ ಸಬಕಾರ ಹಚ್ಚಿದರ
ಸಾಸಿವಿಯಂಥಾ ಗುಳ್ಳಿ, ಒಂದರ ಬೆನ್ನಿಗೊಂದು,
ಯಾವ ಅವಸರಾನೂ ಇಲ್ಲದ.

ಬಿಚ್ಚಿ ನನ್ನ ಅಂಗೈಯಾಗ ಇಟ್ಟ.
ಕಾಲುಂಗುರದಷ್ಟು ರಬ್ಬರ್ ಬಳಿ,
ಕಾದು ಆರಿ ಕಾದು ಆರಿ ಕಲ್ಲಾಗಿ,
ಕೂದಲೆಳಿಯಂಥಾ ಒಂದು ಸೀಳು.
‘ಹನ್ನೆರಡು ರೂಪಾಯಿ’ ಅಂತ ಬೆರಳು ತೋರಿಸಿದ.
ನಾನು ಒಂದಕ್ಕ ಒಂದು ಸೊನ್ನಿ ಹೆಚ್ಚಿಗಿ ಹಿಡಿದೆ ಮನಸಿನ್ಯಾಗ,
ಅಂವ ತಲಿ ಅಲ್ಲಾಡಿಸಿದ. ಬರೇ ಹನ್ನೆರಡು.
ಮಾಲಕರಿಗೆ ಹೇಳಾಕ ಫೋನ್ ತಗದೆ,
ಹಂಗೇ ಕಿಸೆದಾಗ ಇಟ್ಟೆ.

ಪೈಪಿನ ತುದಿ ಬ್ಲೇಡಿಲೆ ನೆಟ್ಟಗ ಕೊಯ್ದ.
ಸೊಟ್ಟ ಕೊಯ್ದರ ಹೊಸ ಬಳೀನೂ ಉಳಿಯಂಗಿಲ್ಲಂತ.
ಇಡೀ ಕೆಲಸದಾಗ ಅದೊಂದಕ್ಕ ಕನ್ನಡಕ ಹಾಕಿದ.

ಆ ರಾತ್ರಿ ಸೀಮಿಸುಣ್ಣಲೆ ಗೀಟು ಹೊಡದು ಮಲಗಿದೆ.
ಎರಡು ಸಲ ಎದ್ದು ನೋಡಿದೆ.
ಮುಂಜಾನಿ ಒಂದು ಗೇಣು, ಮೂರೂವರಿ ಬೆರಳು.
ಆ ಅರ್ಧ ಬೆರಳು ಎಲ್ಲಿ ಹೋತೋ,
ನಾ ಹುಡುಕಾಕ ಹೋಗಲಿಲ್ಲ.

ಗೇಟಿನ ಮುಂದ ಬಸ್ಸು ನೆಟ್ಟಗ ನಿಂತಿತ್ತು.
ಹೆಣ್ಮಕ್ಕಳಿಗೆ ನಗಾಕ ಏನೂ ಸಿಗಲಿಲ್ಲ.
ನಿಂಬೆವ್ವ ಹತ್ತಿದಳು, ಹಿಂದಿನ ತನಕ ನೋಡಿದಳು,
ಇದೇ ಮೊದಲ ಸಲ ಎಡಗಡೆ ಕುಂತಳು.
ನಾನು ಕನ್ನಡಿಯಾಗ ನೋಡಕೊಂತ ಗೇರ್ ಹಾಕಿದೆ.

ಹೊಟಗಿ ರಸ್ತಾ ಮುಟ್ಟೂದರಾಗ ಎದ್ದಳು.
‘ಈ ಕಿಟಕಿ ಸರಿ ಹತ್ತಂಗಿಲ್ಲೋ, ಗಾಳಿ ಬರತದ’ ಅಂತ
ಬುತ್ತಿ ತಗೊಂಡು ಬಲಕ್ಕ ಹ್ವಾದಳು.