ಕಚ್ಚಾ ನಂಬರು

ಬ್ಯಾಡಗಿ ಪ್ಯಾಟಿಯೊಳಗ ದಲಾಲಿ ಅಂಗಡಿ ಮ್ಯಾಲಿನ ಖೋಲಿ.
ಘಾಟು ಬರಬಾರದಂತ ಕಿಟಕಿಗೆ ಒದ್ದಿ ಟಾವೆಲ್ಲು ಕಟ್ಟೇನಿ;
ಬರತೈತಿ.
ಲ್ಯಾಪ್‌ಟಾಪಿನ ಗುಂಡಿ ಸಂದ್ಯಾಗೂ ಕೆಂಪು ಪುಡಿ.
ಒಳಗ ಐದು ಏಜೆಂಟು ಕೆಲಸಕ್ಕ ನಿಂತಾವ.
ಮೈಯಿಲ್ಲ, ಸೀನಿಲ್ಲ, ಚಾ ಕೇಳಂಗಿಲ್ಲ.

ಸೋಮವಾರದ ಟೆಂಡರಿಗೆ ಎಲ್ಲಾ ಏಳಬೇಕು.
ಒಂದಕ್ಕ ಲಾಟ್ ನಂಬರು ಕೊಟ್ಟೆ, ಒಂದಕ್ಕ ತೂಕ,
ಒಂದಕ್ಕ ದರ, ನಾಕನೇದಕ್ಕ ಬಿಲ್ಲು,
ಐದನೇದಕ್ಕ ಉಳಿದವರ ತಪ್ಪು ಹುಡುಕೋ ಕೆಲಸ.
ಹತ್ತು ನಿಮಿಷಕ್ಕ ನಾಕನೇದು ಬಂತು:
ಮುಗೀತು.

ಹೆಂಗ ಮುಗೀತು?
ತೂಕ ಇನ್ನೂ ಕಾಟಾ ಹತ್ತಿಲ್ಲ!
ತೆಗೆದು ನೋಡಿದರ,
ಕಾಯೂದ್ಯಾಕಂತ ತಾನ ಒಂದು ತೂಕ ಹುಟ್ಟಿಸಿಕೊಂಡೈತಿ.
ಚೀಲಕ್ಕ ನೂರು ಕಿಲೋ. ಎಲ್ಲಾ ಚೀಲಕ್ಕೂ ನೂರು.
ಅದರ ಮ್ಯಾಲೆ ಲೆಕ್ಕ, ಲೆಕ್ಕದ ಮ್ಯಾಲೆ ಪರೀಕ್ಷೆ,
ಪರೀಕ್ಷೆ ಎಲ್ಲಾ ಹಸಿರು.
ನೂರು ಕಿಲೋದ ಮೆಣಸಿನಕಾಯಿ ಚೀಲ
ಈ ಪ್ಯಾಟ್ಯಾಗ ಯಾರು ಕಂಡಾರ?
ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಿದ್ದಳು ನಮ್ಮವ್ವ.
ಇದು ಕುಲಾವಿ ಹೊಲದು
ಅದರ ಅಳತಿಗೆ ಕೂಸನ್ನೂ ಹೆತ್ತಿತ್ತು.

ಎಲ್ಲಾ ಕೆಡವಿ ಬಾಣ ಎಳದೆ.
ಯಾವುದಾದ ಮ್ಯಾಲೆ ಯಾವುದು,
ಯಾರು ಯಾರ ಸಲುವಾಗಿ ನಿಲ್ಲಬೇಕು.
ನಿಂತವು. ಎರಡು ತಾಸು ಒಂದೂ ಅಲಗಲಿಲ್ಲ.
ತೂಕ ಅಂತು: ಲಾಟ್ ಪಕ್ಕಾ ಆಗಲಿ.
ಲಾಟ್ ಅಂತು: ತೂಕ ಬರಲಿ, ಪಕ್ಕಾ ಆಗತೀನಿ.
ಹುಚ್ಚು ಬಿಡದ ಲಗ್ನ ಇಲ್ಲ,
ಲಗ್ನ ಆಗದ ಹುಚ್ಚು ಬಿಡಂಗಿಲ್ಲ.
ಸಿಟ್ಟಿಲ್ಲ, ಸೆಡವಿಲ್ಲ,
ಒಂದರ ಮಾರಿ ಒಂದು ನೋಡಕೋತ ಕುಂತಿದ್ದವು.

ಪಾವಟಿಗಿ ಇಳದು ಕೆಳಗ ಹೋದೆ.
ಲಾರಿ ಬಂದಿತ್ತು. ಮಾಬೂಸಾಬ ಚೀಲ ಇಳಸತಿದ್ದ.
ಕಾಕಾ, ಮೊದಲ ನಂಬರೋ, ಮೊದಲ ತೂಕೋ?
ಅವ ಬೆನ್ನಿನ ಚೀಲ ಇಳಸದನ ಅಂದ:
ಖಡುಲೆ ಒಂದು ಸುಳ್ಳು ನಂಬರು ಬರೀತೀವಿ ತಂಗಿ.
ಕಚ್ಚಾ. ಕಾಟಾ ಆತಂದ್ರ ಅಳಿಸಿ ಖರೇದ್ದು.
ಸುಳ್ಳಂತ ಗೊತ್ತಿದ್ದ ಸುಳ್ಳು
ಯಾರಿಗೂ ಮೋಸ ಮಾಡಂಗಿಲ್ಲ.

ಲಾಟನ್ನ ಎರಡು ಹೋಳು ಮಾಡಿದೆ,
ಕಚ್ಚಾ ಇತ್ತಾಗ, ಪಕ್ಕಾ ಅತ್ತಾಗ, ನಡುವ ತೂಕ.
ಹುಚ್ಚು ಬಿಟ್ಟಿತು.
ಒಂದು ಮುಗಿಸಿತು, ಮುಂದಿನದು ಎದ್ದಿತು,
ದರ ಬಂತು, ಬಿಲ್ಲು ಬಂತು. ಗೇಟ್ ಪಾಸೂ ಬಂತು.

ಬೆಳಗಿನ ಮೂರು. ಪಟ್ಟಿಯ ತಳದಾಗ ಒಂದು ಉಳಿದಿತ್ತು:
ಹಮಾಲಿ ಚೀಟಿ.
ಯಾವಾಗ ಕೇಳಿದರೂ ಅದ ಉತ್ತರ:
'ಇದನ್ನು ಯಾವ ಕೆಲಸವೂ ಅವಲಂಬಿಸಿಲ್ಲ.
ಕೊನೆಗೆ ಮಾಡಬಹುದು.'
ಖರೇನ.
ಬಾಣ ಅದರ ಕಡೆ ಬರತಾವ,
ಅದರಿಂದ ಹೊರಡೂದು ಒಂದೂ ಇಲ್ಲ.
ಅದಿಲ್ಲದ ಮಾಲು ಹೋಗತೈತಿ, ಲಾರಿ ಹೋಗತೈತಿ,
ಖರೀದಿದಾರರ ರೊಕ್ಕ ಖಾತೆಯಿಂದ ಖಾತೆಗೆ ಹಾರತೈತಿ.
ಯಂತ್ರದ್ದೇನ ತಪ್ಪು?
ಯಂತ್ರ ಇಲ್ಲದಾಗೂ ಈ ಚೀಟಿಗೆ
'ನಾಳೆ ನೋಡೂಣು' ಅಂತನ ಹೆಸರಿತ್ತು.
ಕೆಳಗ ತೊಟ್ಟು ಬಿಡಸೋ ಹೊನ್ನವ್ವ
ಉರಿಯೋ ಬೆರಳು ತಣ್ಣೀರಾಗ ಅದ್ದಿಕೊಂಡು ಕುಂತಾಳ.
ಆಕಿ ಚೀಟಿ ಪಟ್ಟಿಯೊಳಗ ಇಲ್ಲನ ಇಲ್ಲ.

ಅದನ್ನೂ ಬರದೆ.
ಆಮ್ಯಾಲೆ ಯಾರೂ ಹೇಳದ ಒಂದು ಬಾಣ:
ಈ ಎರಡು ಚೀಟಿಯಿಂದ ಗೇಟ್ ಪಾಸಿಗೆ.
ಇವು ಹರಿಯದ ಲಾರಿ ಹೊರಬೀಳಂಗಿಲ್ಲ.

ಐದನೇದು ಭಾಳ ವಿನಯದಿಂದ ಕೇಳಿತು:
'ಈ ಅವಲಂಬನೆಗೆ ಕಾರಣ ಕಾಣಿಸುತ್ತಿಲ್ಲ.
ತೆಗೆದುಹಾಕಲೇ?'
ಬ್ಯಾಡ, ಅಂತ ಹೊಡದೆ. ಸೀನು ಬಂತು.
ಸೋಮವಾರ ದಲಾಲಿ ಶಿವಪುತ್ರಪ್ಪನೂ ಇದನ್ನ ಕೇಳಾಂವ,
ವಿನಯ ಅಷ್ಟು ಇರಂಗಿಲ್ಲ.

ಬಾಗಿಲು ಬಡದರು. ಮಾಬೂಸಾಬ,
ಕೈಯಾಗ ಅರ್ಧ ಕಪ್ಪು ಚಾ.
ತಂಗಿ, ಒಂದು ಮಾತು.
ಆ ಕಚ್ಚಾ ನಂಬರು
ಅಳಸೂದು ಯಾರ ಕೆಲಸ ಅಂತ ಬರದೀಯಿಲ್ಲೋ?