ಕೊಂಡಿ

ಡರ್ಬಿಯ ರೈಲು ಕಾರ್ಖಾನೆಯಲ್ಲಿ ನನ್ನ ಕೆಲಸ
ಬೋಗಿಗೆ ಬೋಗಿ ಕೂಡಿಸುವುದು.
ಕೊಂಡಿ ಬಿದ್ದದ್ದು ಉಳಿದವರಿಗೆ ಸದ್ದಿನಲ್ಲಿ ತಿಳಿದರೆ
ನನಗೆ ಅಂಗಾಲಿನಲ್ಲಿ.

ಅದಕ್ಕೇ ಇರಬೇಕು, ಡಾಕ್ಟರಮ್ಮ ಅಡೆಬಾಯೊ
ಚೀಟಿಯ ಮೇಲೆ ಗೆರೆ ಎಳೆದು ತೋರಿಸಿದಾಗ
ದುಭಾಷಿ ಬೆರಳೆತ್ತುವ ಮೊದಲೇ ನನಗೆ ತಿಳಿಯಿತು:
ಜೀನು ಉದ್ದ. ಹೊರುವ ವೈರಸ್ಸು ಗಿಡ್ಡ.
ಒಂದರಲ್ಲಿ ಹಿಡಿಸದು.
ನಡುವೆ ಕತ್ತರಿಸಿ, ಎರಡು ಪಾಲು ಮಾಡಿ,
ವಿಷದ ಹಲ್ಲು ಕಿತ್ತ ವೈರಸ್ಸುಗಳ ಬೆನ್ನಿಗೆ ಕಟ್ಟಿ
ಬಸವನಹುಳುವಿನ ಚಿಪ್ಪಿನಂಥ ಒಳಗಿವಿಗೆ ಬಿಡುವುದು.
ಅಲ್ಲಿ, ಕೂದಲೆಳೆ ಹೊತ್ತ ಒಂದೊಂದು ಕೋಶದೊಳಗೆ,
ಕತ್ತಲಲ್ಲಿ, ಅವು ತಾವೇ ಒಂದನ್ನೊಂದು ಹುಡುಕಿ
ಕೂಡಿಕೊಳ್ಳಬೇಕು.

‘ಕೊಂಡಿ ಹಾಕುವವರು ಯಾರು?’ ಕೇಳಿದೆ, ಕೈಯಲ್ಲಿ.
ಅವರು ನಕ್ಕರು.
ನಗುವನ್ನು ದುಭಾಷಿ ಹಾಗೇ ಬಿಟ್ಟಳು.

ಟಿಲ್ಡಾಗೆ ಆಗ ಹದಿನಾಲ್ಕು ತಿಂಗಳು.
ಕಿವಿಗೊಡು ಅನ್ನುತ್ತಾರೆ ಜನ, ಸಲೀಸಾಗಿ.
ಕೊಟ್ಟೆನಲ್ಲ ನಾನೂ. ರೋವೆನಾಳೂ ಕೊಟ್ಟಳು.
ಅರ್ಧ ನನ್ನದು, ಅರ್ಧ ಅವಳದು,
ಎರಡರಲ್ಲೂ ಒಂದೇ ಜಾಗದಲ್ಲಿ ಅಳಿಸಿಹೋದ ಅಕ್ಷರ.

ಕಿವುಡರ ಕ್ಲಬ್ಬಿನಲ್ಲಿ ಡೆನ್ಜಿಲ್
ಬಿಯರ್ ಗ್ಲಾಸು ಕೆಳಗಿಟ್ಟ,
ನನ್ನ ಬೈಯಲು ಅವನಿಗೆ ಎರಡೂ ಕೈ ಬೇಕಿತ್ತು:
‘ಮುರಿದದ್ದು ಏನಿತ್ತು ಮಾರಾಯ, ರಿಪೇರಿಗೆ?’
ಉತ್ತರವಿರಲಿಲ್ಲ ನನ್ನಲ್ಲಿ. ಈಗಲೂ ಇಲ್ಲ.
ಸಹಿ ಹಾಕಿದೆವು, ಬಲಗಿವಿಗೆ ಮಾತ್ರ.
ಎಡದ್ದು ಇದ್ದ ಹಾಗೇ ಇರಲಿ ಅಂದಳು ರೋವೆನಾ,
ಅದು ನಮ್ಮ ಮನೆಯ ಕಿವಿ.

ಒಂದು ವಾರ. ಮೂರು. ಆರು.
ಆಸ್ಪತ್ರೆಯಲ್ಲಿ ಡೋಲು ಬಡಿದರು, ಗಿಲಕಿ ಅಲ್ಲಾಡಿಸಿದರು.
ಮಗು ಅಂಗಿಯ ಗುಂಡಿ ಚೀಪುತ್ತಿತ್ತು.

ಏಳನೆಯ ವಾರ, ಮಂಗಳವಾರ, ಅಡುಗೆಮನೆ.
ನಾನು ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದೆ.
ಎತ್ತರದ ಕುರ್ಚಿಯಲ್ಲಿ ಕೂತವಳು
ಸರಕ್ಕನೆ ಕತ್ತು ತಿರುಗಿಸಿದಳು, ಬಲಕ್ಕೆ.
ಅಲ್ಲೇನಿದೆ? ಗೋಡೆ, ಕ್ಯಾಲೆಂಡರು.
ನಾನು ಎಡಕ್ಕೆ ನೋಡಿದೆ:
ಸಿಂಕಿನ ಕೆಳಗೆ ಒಂದು ಚಮಚ, ಇನ್ನೂ ಅಲುಗುತ್ತ.

ಬಿದ್ದದ್ದು ನನಗೆ ಗೊತ್ತೇ ಇರಲಿಲ್ಲ.
ನಲವತ್ತು ವರ್ಷ ಚಮಚಗಳು ನನ್ನ ಬೆನ್ನ ಹಿಂದೆ
ಸುಮ್ಮನೆ ಬಿದ್ದಿವೆ.

ಎತ್ತಿ ಮತ್ತೆ ಬೀಳಿಸಿದೆ. ಮತ್ತೆ.
ಮತ್ತೆ ಗೋಡೆಯನ್ನೇ ನೋಡಿದಳು, ಬೆರಗಿನಿಂದ,
ಆಮೇಲೆ ನನ್ನನ್ನು, ಬೆಣ್ಣೆ ಮೆತ್ತಿದ ಪುಟ್ಟ ಕೈಯೆತ್ತಿ
ನಮ್ಮ ಭಾಷೆಯಲ್ಲೇ ಕೇಳಿದಳು: ಇನ್ನೊಂದು.

ಮೇಲಿನ ಕೋಣೆಯ ರೋವೆನಾಳನ್ನು ಕರೆಯಲು
ದೀಪ ಆರಿಸಿದೆ, ಹೊತ್ತಿಸಿದೆ, ಆರಿಸಿದೆ.
ಪ್ರತಿ ಸಲವೂ ಮಗು ತಿರುಗಿತು.

ಸ್ವಿಚ್ಚಿಗೂ ಸದ್ದಿದೆಯೇ?
ಯಾರೂ ಹೇಳಿರಲಿಲ್ಲ.